ಬೀಗರ ಮನೆಗೆ ಕೊಟ್ಟ ಕುದುರೆ

ಕುಂಟು ಕುದುರೆಯನ್ನು ಯಾರಿಗೆ ಕೊಡುವುದು ಅನ್ನುವ ಮಾತು ನಮ್ಮ ಮನೆಯಲ್ಲಿ ಎದ್ದಾಗ ನಾನು ಕೊಳ್ಳೇಗಾಲಕ್ಕೆ ಸೊಸೆಯಾಗಿ ಬಂದು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ರಾಜ್ಯದ ಗಡಿ ಬದಲಾಗಿ ಊರು ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರಿಗೆ ಸೇರಿ ಕೆಲವು ವರ್ಷವಾಗಿತ್ತು. ಆದರೂ ನಮ್ಮತ್ತೆ ಮಾತ್ರ ಸರ್ಕಾರಿ ಆಫೀಸಿನಿಂದ ಯಾವ ಕಾಗದ ಬಂದರೂ "ಕೊಯಮತ್ತೂರಿಂದ ಏನೋ ಬಂದದೆ ನೋಡು" ಅನ್ನುತ್ತಿದ್ದರು. ಯಾವ ಊರು ಯಾರದ್ದು ಅನ್ನುವುದೇ ಸರಿಯಾಗಿ ತಲೆಗೆ ಹತ್ತದ ಕಾಲ. ಆ ಕುದುರೆ ಯಾರದ್ದು, ಅದಕ್ಕಾದದ್ದಕ್ಕೆ ಯಾರು ಕಾರಣ ಅನ್ನುವುದೂ ಹಾಗೇ ಆಗಿಹೋಯಿತು. ಇಷ್ಟು ವರ್ಷವಾದರೂ ನನಗೆ ಅದು ಬಗೆಹರಿದಿಲ್ಲ. ಬರೆದರಾದರೂ ಬಗೆಹರಿಯುತ್ತದೋ ನೋಡೋಣ ಅಂತ ಕೂತಿದ್ದೇನೆ.

ನಮ್ಮ ಮಾವ ಹುಣಸೆಹಣ್ಣು, ಕಡಲೆಕಾಯಿ ವ್ಯಾಪಾರ ಮಾಡುತ್ತಿದ್ದರು. ಹನೂರು, ಯಳಂದೂರು, ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಹಳ್ಳಿಗಳು, ಎಲ್ಲಿಗೆ ಹೋಗಬೇಕಾದರೂ ಮನೆಯದೇ ಒಂಟಿ ಕುದುರೆ ಗಾಡಿ. ಗಾಡಿ ಹೊಡೆಯಲು ಆಳು ಇಟ್ಟುಕೊಳ್ಳುವ ಅನುಕೂಲ ಇತ್ತು. ಆದರೆ ಲಗಾಮನ್ನು ಇನ್ನೊಬ್ಬರ ಕೈಗೆ ಕೊಟ್ಟವರೇ ಅಲ್ಲ. ಕುದುರೆಯನ್ನು ಮರಿಯಾಗಿದ್ದಾಗಲೇ ಅಂತಿಯೂರಿನ ಕಡೆಯಿಂದ ತಂದಿದ್ದರಂತೆ. ಅದಕ್ಕೇ ಅದರ ಜೊತೆ ತಮಿಳು, ಬಾ ಕಂದಾ ಬಾ ಅನ್ನುವುದೂ ತಮಿಳಿನಲ್ಲೇ. "ವಾ ಕಣ್ಣು, ವಾ" ಅಂದರೆ ಸಾಕು, ಕಿವಿ ನಿಮಿರಿಸಿಕೊಂಡು ಬಂದು ಎದೆಗೆ ಮೂತಿ ತಿಕ್ಕುತ್ತಿತ್ತು. ಮನೆಯವರ ಜೊತೆ ಕನ್ನಡದಲ್ಲಿ ನಾಲ್ಕು ಮಾತಾಡಬೇಕಾದರೂ ಆ ಮನುಷ್ಯನಿಗೆ ಬಾಯಿ ಬರುತ್ತಿರಲಿಲ್ಲ. "ಎಲ್ಲಾನೂ ಕುದ್ರೆ ಕಿವೀಲೇ ಸುರ್ದು ಬತ್ತಾರೆ, ನಮ್ಗೆ ಉಳ್ಸದು ಬರೀ ಊಂ ಉಹೂಂ" ಅಂತ ನಮ್ಮತ್ತೆ ಮುದ್ದೆ ಬಡಿಸುತ್ತಾ ಆಡಿಕೊಳ್ಳುತ್ತಿದ್ದರು. ಅದಕ್ಕೂ ಅವರು ಊಂ ಅಂತಲೇ ಅನ್ನುತ್ತಿದ್ದರು.

ಒಂದು ಮಳೆಗಾಲ ಹನೂರಿನಿಂದ ವಾಪಸ್ಸು ಬರುವಾಗ ಮೋರಿಯ ಕಲ್ಲು ಕುಸಿದು ಕುದುರೆಯ ಮುಂಗಾಲು ಒಳಕ್ಕೆ ಸಿಕ್ಕಿಕೊಂಡಿತು. ಕಾಲು ಮುರಿಯಲಿಲ್ಲ, ಆದರೆ ನರ ಹಿಡಿದು ಊದಿಕೊಂಡದ್ದು ಇಳಿಯಲೇ ಇಲ್ಲ. ದನದ ಆಸ್ಪತ್ರೆಯ ಡಾಕ್ಟರು ಬಂದು ಮುಟ್ಟಿ, ಒತ್ತಿ, ನಡೆಸಿ ನೋಡಿದರು. ಇನ್ನು ಗಾಡಿಗೆ ಕಟ್ಟುವ ಮಾತು ಬಿಡಿ, ಮೆತ್ತನೆಯ ನೆಲದಲ್ಲಿ ಅಡ್ಡಾಡಿಕೊಂಡು ಮೇಯ್ದುಕೊಂಡಿದ್ದರೆ ಇನ್ನೂ ಎಷ್ಟೋ ವರ್ಷ ಬದುಕುತ್ತದೆ ಅಂದರು. ಅಡ್ಡಾಡಿಕೊಂಡು ಅನ್ನುವ ಮಾತನ್ನು ಅವರು ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಅದರಲ್ಲಿ ಅಷ್ಟು ಇದೆ ಅಂತ ಆಗ ಯಾರಿಗೆ ಗೊತ್ತು. ನಮ್ಮ ಮನೆ ಇದ್ದದ್ದು ಪೇಟೆಯೊಳಗೆ, ಹಿತ್ತಲೆಲ್ಲ ಕಲ್ಲು ಹಾಸು. ಮೇಯಲು ಗರಿಕೆಯೂ ಇಲ್ಲ. ಇತ್ತ ನನ್ನ ಯಜಮಾನರು ಸರಕನ್ನು ಲಾರಿಗೆ ಹಾಕಿಸಲು ಶುರು ಮಾಡಿದ್ದರು, ಕುದುರೆ ಕಟ್ಟುವ ಕೊಟ್ಟಿಗೆ ಖಾಲಿಯಾದರೆ ಮೂಟೆ ಇಡಬಹುದು ಅಂತ ಅವರ ಲೆಕ್ಕ. ಅಪ್ಪ ಮಗ ಜಗಳವಾಡಲಿಲ್ಲ. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು.

ಕುಂಟು ಕುದುರೆ ಇದೆ ಅಂದ ಕೂಡಲೇ ಕೇಳಲು ಬರುವವರೇನು ಕಮ್ಮಿಯೇ? ಇಟ್ಟಿಗೆ ಗೂಡಿನವನೊಬ್ಬ ಬಂದ. ಯಳಂದೂರಿನ ಕಡೆಯ ಜಟಕಾದವನೊಬ್ಬ ಬಂದು ಬರೀ ಹಗುರದ ಸವಾರಿಗೆ ಕಟ್ಟುತ್ತೇನೆ, ಮಗನ ಹಾಗೆ ನೋಡಿಕೊಳ್ಳುತ್ತೇನೆ ಅಂದ. ಮಾವ ಇಬ್ಬರಿಗೂ ಕಾಫಿ ಕೊಡಿಸಿ ಕಳಿಸಿದರು. ಅವರ ಸ್ನೇಹಿತರೊಬ್ಬರು ಹೀಗೇ ಮುದಿ ಕುದುರೆಯನ್ನು ಪುಕ್ಕಟೆ ಕೊಟ್ಟಿದ್ದರಂತೆ. ಒಂದು ವರ್ಷ ಕಳೆದು ಮಾವ ಅದನ್ನು ಯಳಂದೂರಿನ ಬೀದಿಯಲ್ಲಿ ನೋಡಿದಾಗ ಮರಳು ತುಂಬಿದ ಗಾಡಿಗೆ ಕಟ್ಟಿದ್ದರಂತೆ, ಹೆಗಲ ಮೇಲೆ ಹುಣ್ಣು, ಹುಣ್ಣಿನ ಮೇಲೆ ನೊಣ. ಅದನ್ನು ಕೊಂಡುಹೋದವನು ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ ದಾಟಿಸಿ ಕೈ ತೊಳೆದುಕೊಂಡಿದ್ದರು. "ಸುಮ್ನೆ ಕೊಟ್ರೆ ಸುಮ್ನೆ ತಕಂಡೋಯ್ತಾರೆ, ಆದ್ರೆ ಸುಮ್ನೆ ಮಡಗಾಕಿಲ್ಲ" ಅಂದರು ಮಾವ. ನಾನು ಆ ಮನೆಗೆ ಬಂದ ಮೇಲೆ ಅವರ ಬಾಯಿಂದ ಕೇಳಿದ ಅತಿ ಉದ್ದದ ಮಾತು ಅದು. ಇನ್ನು ಮೇಲೆ ಅದರ ಮೈಮೇಲೆ ಬಾರು ಬೀಳಬಾರದು, ಅದು ತನ್ನಷ್ಟಕ್ಕೆ ತಾನು ಮೇಯ್ದು ಮುದಿಯಾಗಿ ಸಾಯಬೇಕು. ಅವರಿಗೆ ಬೇಕಾಗಿದ್ದದ್ದು ಇಷ್ಟೇ. ಬೇರೆ ಯಾವುದಕ್ಕೂ ಅವರು ಅಷ್ಟು ಆಸೆಪಟ್ಟದ್ದನ್ನು ನಾನು ನೋಡಲಿಲ್ಲ.

ಆಗ ಬಂದರು ನಮ್ಮಪ್ಪ.

ನಮ್ಮ ತವರು ಮುಳ್ಳೂರು. ಹೊಳೆ ದಂಡೆಯ ಊರು, ಭತ್ತದ ಗದ್ದೆ, ಮನೆಯಲ್ಲಿ ಎತ್ತು ಎಮ್ಮೆ ದನ ಕರು ತುಂಬಿಕೊಂಡಿದ್ದವು. ನಮ್ಮಪ್ಪ ಯಾವುದೋ ಕೋರ್ಟು ಕೆಲಸಕ್ಕೆ ಕೊಳ್ಳೇಗಾಲಕ್ಕೆ ಬಂದವರು ಬದನೆಕಾಯಿ, ಅವರೆಕಾಯಿ ಹೊತ್ತುಕೊಂಡು ಮನೆಗೂ ಬಂದರು. ಊಟಕ್ಕೆ ಕೂತಾಗ ನಮ್ಮತ್ತೆ ಕುದುರೆಯ ವಿಷಯ ತೆಗೆದರು. ನಮ್ಮಪ್ಪ ತುತ್ತು ಎತ್ತಿದವರು ಹಾಗೇ ನಿಲ್ಲಿಸಿ, "ಅದ್ಯಾಕೆ ಬೀಗ್ರೇ ಅಷ್ಟು ಯೋಚ್ನೆ? ನಮ್ಮೂರ್ಗೆ ಕಳ್ಸಿ. ಒಳೆ ದಂಡೇಲಿ ಮೇಯ್ಕಂಡಿರ್ಲಿ" ಅಂದರು.

ಅಪ್ಪ ಅದನ್ನು ಮನಸಾರೆ ಅಂದರೋ ಬಾಯಿಮಾತಿಗೆ ಅಂದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಬೀಗರ ಮನೆಯಲ್ಲಿ ಎಲೆ ಮುಂದೆ ಕೂತು ಮನುಷ್ಯ ಅಂಥ ಮಾತು ಆಡುತ್ತಾನೆ. ಆಡದೇ ಇದ್ದರೆ ಚೆನ್ನಾಗಿರುವುದಿಲ್ಲ. ಎದುರಿನವರು "ಅಯ್ಯೋ ನಿಮ್ಗ್ಯಾಕೆ ತೊಂದ್ರೆ" ಅನ್ನಬೇಕು, ಇವರು ಇನ್ನೊಂದು ಸಲ ಹೇಳಬೇಕು, ಅಲ್ಲಿಗೆ ಮಾತು ಮುಗಿಯಬೇಕು. ಆದರೆ ನಮ್ಮ ಮಾವನಿಗೆ ಆ ನಾಜೂಕೆಲ್ಲ ಎಲ್ಲಿಂದ ಬರಬೇಕು? ಅವರು ಊಟ ಬಿಟ್ಟು ನಮ್ಮಪ್ಪನ ಮುಖವನ್ನೇ ನೋಡಿದರು. ಕಣ್ಣಲ್ಲಿ ನೀರು ಬಂದಿತ್ತು. "ಆಗ್ಲಿ ಬೀಗ್ರೇ" ಅಂದುಬಿಟ್ಟರು. ನಮ್ಮಪ್ಪನ ಕೈಯಲ್ಲಿದ್ದ ತುತ್ತು ಆಗ ಬಾಯಿಗೆ ಹೋಯಿತು. ನಾನು ಬಾಗಿಲ ಹಿಂದೆ ಮಜ್ಜಿಗೆ ಪಾತ್ರೆ ಹಿಡಿದು ನಿಂತಿದ್ದವಳು, ನನಗೆ ಒಂದು ಕಡೆ ಖುಷಿ, ಒಂದು ಕಡೆ ಭಯ. ಇವರ ಮನೆಯ ಜೀವ ಅವರ ಮನೆಗೆ ಹೋದರೆ ನಡುವೆ ನಿಲ್ಲುವವಳು ನಾನೇ ತಾನೇ.

ಆಯುಧಪೂಜೆ ಮುಗಿದ ಮೇಲೆ ಕಳಿಸಿದೆವು. ನಮ್ಮ ಕಡೆ ದನ ಕೊಟ್ಟರೆ ಹಳೆಯ ಹಗ್ಗ ಕೊಡುವುದಿಲ್ಲ, ಕರೆದುಕೊಂಡು ಹೋಗುವವರೇ ಹೊಸ ಹಗ್ಗ ತರಬೇಕು. ಅಪ್ಪ ಎತ್ತಿಗೆ ಹಾಕುವ ದಪ್ಪ ಹಗ್ಗವನ್ನೇ ತಂದಿದ್ದರು. ಅತ್ತೆ ಕುದುರೆಯ ಹಣೆಗೆ ಕುಂಕುಮವಿಟ್ಟು, ಎಲೆ ಅಡಿಕೆ ತೆಂಗಿನಕಾಯಿ ಮಡಿಲಿಗೆ ಕಟ್ಟಿದ ಹಾಗೆ ಒಂದು ಗಂಟು ಮಾಡಿ ಅಪ್ಪನ ಕೈಗೆ ಕೊಟ್ಟರು. ಮಾವ ಕುದುರೆಯ ಕತ್ತು ಸವರುತ್ತಾ ನಿಂತಿದ್ದರು. ಅವರ ತುಟಿ ಅಲುಗುತ್ತಿತ್ತು. ಏನೋ ಹೇಳಬೇಕು ಅಂತಿದ್ದರು, ಎಷ್ಟು ಹುರುಳಿ, ಎಷ್ಟು ಹುಲ್ಲು, ಯಾವಾಗ ನೀರು, ಇಂಥದ್ದೆಲ್ಲ. ಆದರೆ ನಾಲ್ಕು ಜೋಡಿ ಎತ್ತು ಕಟ್ಟಿದ ಬೀಗರಿಗೆ ಮೇವು ಹಾಕುವುದು ಹೇಗೆ ಅಂತ ಹೇಳಿಕೊಡಲು ಆಗುತ್ತದೆಯೇ? "ನಿಮ್ಗೆ ಗೊತ್ತಿಲ್ದೆ ಏನದೆ ಬೀಗ್ರೇ" ಅಂದರು, ಅಷ್ಟೇ. "ನೀವೇನೂ ಯೋಚ್ನೆ ಮಾಡ್ಬ್ಯಾಡಿ. ನಮ್ ಮನೆ ಕೂಸ್ನಂಗೆ ನೋಡ್ಕತೀವಿ" ಅಂದರು ಅಪ್ಪ. ಇಬ್ಬರೂ ಒಳ್ಳೆಯವರೇ. ಅದೇ ನನಗೆ ತಲೆ ಕೆಡಿಸುವುದು.

ದೀಪಾವಳಿಗೆ ನನ್ನನ್ನು ತವರಿಗೆ ಕಳಿಸಿದರು. ಹೊರಡುವಾಗ ಮಾವ ಜಗಲಿಯಲ್ಲಿ ಕೂತಿದ್ದವರು, "ಅದ್ರ ವಿಚಾರ ಏನೂ ಕೇಳ್ಬ್ಯಾಡ ಮಗ. ಸುಮ್ನೆ ಒಂದ್ಸಲ ನೋಡ್ಕಂಡ್ ಬಾ" ಅಂದರು.

ಮುಳ್ಳೂರಿಗೆ ಹೋಗಿ ನೋಡುತ್ತೇನೆ, ಕುದುರೆ ಹೊಳೆ ದಂಡೆಯಲ್ಲೂ ಇಲ್ಲ, ಗದ್ದೆಯಲ್ಲೂ ಇಲ್ಲ. ಮನೆಯ ಮುಂದೆ ತೆಂಗಿನಗರಿಯ ಚಪ್ಪರ ಹಾಕಿ, ನೆಲಕ್ಕೆ ಹೊಸ ಹುಲ್ಲು ಹಾಸಿ, ಕತ್ತಿಗೆ ಗೆಜ್ಜೆ ಕಟ್ಟಿ ಮದುವಣಗಿತ್ತಿಯ ಹಾಗೆ ನಿಲ್ಲಿಸಿದ್ದಾರೆ. ಮೈ ಮಿರಮಿರ ಮಿಂಚುತ್ತಿತ್ತು. ಹೊಟ್ಟೆ ಎರಡು ಪಕ್ಕಕ್ಕೂ ಬಂದಿತ್ತು. ಊರಿನವರು ಬಂದು ನೋಡಿಕೊಂಡು ಹೋಗುವುದು, ಬರಿಗೈಯಲ್ಲಿ ಬರಬಾರದು ಅಂತ ಒಬ್ಬರು ಬೆಲ್ಲದಚ್ಚು, ಒಬ್ಬರು ಬೇಯಿಸಿದ ಅವರೆಕಾಳು ತಂದು ತಿನ್ನಿಸುವುದು. ನಮ್ಮವ್ವ ಬೆಳಿಗ್ಗೆ ಅಂಬಲಿ, ಮಧ್ಯಾಹ್ನ ಕಡಲೆಕಾಯಿ ಹಿಂಡಿ, ಸಾಯಂಕಾಲ ಬೇಯಿಸಿದ ಹುರುಳಿ ಅಂತ ಹೊತ್ತು ಹೊತ್ತಿಗೆ ಕೊಡುತ್ತಿದ್ದರು. ನಾವು ಮಕ್ಕಳು ಇಷ್ಟು ಉಪಚಾರ ಕಂಡಿರಲಿಲ್ಲ.

"ಒಳೆ ದಂಡೆಗೆ ಬುಡಲ್ವಾ?" ಅಂತ ಕೇಳಿದೆ.

"ಏನ್ ಮಾತಾಡಿಯೆ? ಅದು ಕುಂಟ್ಕಂಡು ಓಡಾಡದ್ನ ಊರ್ನೋರು ನೋಡುದ್ರೆ, ಬೀಗ್ರು ಕೊಟ್ಟ ಕುದ್ರೇನ ದಂಡೆಗೆ ಅಟ್ಟವ್ರೆ ಅನ್ನಕಿಲ್ವಾ?" ಅಂದರು ಅವ್ವ. "ಅದು ಸೊರಗುದ್ರೆ ಆ ಮನೇಲಿ ನಿನ್ ಮುಖ ಏನಾಯ್ತದೆ ಯೋಳು. ಒಂದೇ ಯೋಚ್ನೆ ಕಣವ್ವ ನಂಗೆ. ಇದು ಮೆಲುಕೇ ಆಕಾಕಿಲ್ಲ. ತಿಂದುದ್ದು ಎಂಗೆ ಅರಗ್ತದೆ?"

ದನ ಸಾಕಿದವರಿಗೆ ಮೆಲುಕು ಹಾಕದ ಪ್ರಾಣಿ ಅಂದರೆ ಕಾಯಿಲೆಯ ಪ್ರಾಣಿ. ಅದಕ್ಕೆ ಅಂತ ಶುಂಠಿ, ಮೆಣಸು, ಓಮ ಕುಟ್ಟಿ ಕಷಾಯ ಬೇರೆ ಕುಡಿಸುತ್ತಿದ್ದರು. ಕುದುರೆ ಮೆಲುಕು ಹಾಕುವುದಿಲ್ಲ ಅಂತ ನನಗಾದರೂ ಎಲ್ಲಿ ಗೊತ್ತಿತ್ತು? ನಮ್ಮತ್ತೆ ಮನೆಯಲ್ಲಿ ಕೊಟ್ಟಿಗೆ ಕಡೆ ಹೆಂಗಸರು ಹೋಗುತ್ತಲೇ ಇರಲಿಲ್ಲ. ನಾನು ನೋಡಿದ್ದು ಕುದುರೆ ದಷ್ಟಪುಷ್ಟವಾಗಿದೆ, ಮೈಮೇಲೆ ಗಾಯವಿಲ್ಲ, ಎಲ್ಲರೂ ಪ್ರೀತಿ ಮಾಡುತ್ತಾರೆ ಅಂತ. ನನ್ನ ತವರಿನ ಮೇಲೆ ನನಗೇ ಹೆಮ್ಮೆಯಾಯಿತು.

ವಾಪಸ್ಸು ಬಂದು ಅದೇ ಹೆಮ್ಮೆಯಲ್ಲಿ, "ದಪ್ಪಗಾಗದೆ ಮಾವ" ಅಂದೆ.

ಮಾವನ ಮುಖ ಅರಳುತ್ತದೆ ಅಂತ ನೋಡಿದರೆ ಬಾಡಿಹೋಯಿತು. "ಎಷ್ಟು ದಪ್ಪ?" ಅಂದರು. ಕೈ ಅಗಲಿಸಿ ತೋರಿಸಿದೆ. "ಒಳೆ ದಂಡೇಲಿ ಓಡಾಡ್ತದಾ?" ಅಂದರು. ಇಲ್ಲ ಮಾವ, ಕಾಲು ನೋಯಬಾರದು ಅಂತ ಮನೆ ಮುಂದೆಯೇ ಕಟ್ಟವ್ರೆ ಅಂದೆ. ಅವರು ಎದ್ದು ಹೋಗಿ ಕುದುರೆ ಕಟ್ಟುತ್ತಿದ್ದ ಕೊಟ್ಟಿಗೆಯ ಮುಂದೆ ನಿಂತುಕೊಂಡರು. ಅಲ್ಲಿ ಆಗಲೇ ಮೂಟೆ ಜೋಡಿಸಿದ್ದರು. ಒಳ್ಳೆಯ ಸುದ್ದಿ ತಂದ ನನಗೆ ಯಾಕೆ ಈ ಶಿಕ್ಷೆ ಅಂತ ರೇಗಿತು ಕೂಡ. ದಪ್ಪಗಾಗಿದೆ ಅಂದರೆ ಕುಣಿಯಬೇಕು, ಅದು ಬಿಟ್ಟು ಹೀಗೆ ನಿಂತರೆ ಏನರ್ಥ ಮಾಡಿಕೊಳ್ಳುವುದು?

ಆಮೇಲೆ ಸಂಜೆ ನಾನೇ ತಡೆಯಲಾರದೆ, "ಅಪ್ಪಂಗೆ ಏನಾರಾ ಯೋಳ್ಕಳಿಸ್ಲಾ ಮಾವ?" ಅಂದೆ.

"ಏನಂತ ಯೋಳೀಯೆ ಮಗ? ಕಡ್ಮೆ ತಿನ್ಸಿ ಅಂತಾನಾ?" ಅಂದರು. "ಬೀಗರ ಮನೇಲಿ ಕಡ್ಮೆ ಬಡ್ಸಿ ಅಂತ ಯಾರಾದ್ರೂ ಯೋಳ್ತಾರಾ?"

ಅವರು ತಾವೇ ಒಂದು ಸಲ ಹೋಗಿ ನೋಡಿ ಬರೋಣ ಅಂದುಕೊಂಡರು. ನಮ್ಮತ್ತೆ ಬಿಡಲಿಲ್ಲ. "ಕೊಟ್ಟ ಎಣ್ಮಗಳ ನೋಡಕ್ಕೆ ಓಯ್ತಾರೆ. ಕೊಟ್ಟ ಕುದ್ರೆ ನೋಡಕ್ಕೆ ಓದ್ರೆ, ನಾವು ಸರ್ಯಾಗಿ ನೋಡ್ಕತಿಲ್ಲ ಅಂತ ಅನುಮಾನ ಪಟ್ಟು ಬಂದವ್ರೆ ಅಂದ್ಕತಾರೆ. ಸೊಸೆ ಮಕಾನಾದ್ರೂ ನೋಡಿ" ಅಂದರು. ಅತ್ತೆ ಹೇಳಿದ್ದರಲ್ಲಿ ತಪ್ಪೇನಿತ್ತು? ಹೋಗಿದ್ದರೆ ನಮ್ಮಪ್ಪ ಹಾಗೇ ಅಂದುಕೊಳ್ಳುತ್ತಿದ್ದರು. ಅದಾದ ಮೇಲೆ ಮಾವ ಹುಣಸೆಹಣ್ಣಿನ ವ್ಯಾಪಾರಕ್ಕೆ ಧನಗೆರೆಗೆ ಹೋದ ದಿನ ಮುಳ್ಳೂರಿನ ಕಡೆಗೂ ಕಾಲು ಹಾಕಿ, ಅರ್ಧ ದಾರಿ ಹೋಗಿ, ಯಾವ ನೆಪ ಹೇಳುವುದು ಅಂತ ತೋಚದೆ ವಾಪಸ್ಸು ಬಂದರಂತೆ. ಅದನ್ನು ನನ್ನ ಯಜಮಾನರು ಬಂದು ಹೇಳಿದರು.

ಸಂಕ್ರಾಂತಿ ಕಳೆದ ಮಾರನೆಯ ಬೆಳಿಗ್ಗೆ ನಮ್ಮಪ್ಪನ ಮನೆಯ ಹಳೆಯ ಆಳು ಎತ್ತಿನ ಗಾಡಿ ಕಟ್ಟಿಕೊಂಡು ಬಂದು ಬಾಗಿಲಲ್ಲಿ ನಿಂತ. "ಅವ್ವೋರ್ಗೆ ಉಸಾರಿಲ್ಲ. ಮಗಳ ಕಳ್ಸಿಕೊಡ್ಬೇಕಂತೆ" ಅಂದ. ಅತ್ತೆ ಗಡಿಬಿಡಿಯಲ್ಲಿ ಸೀರೆ ರವಿಕೆ ಗಂಟು ಕಟ್ಟಿದರು. ಮಾವ ಅಂಗಡಿಗೆ ಓಡಿ ಕಿತ್ತಳೆಹಣ್ಣು ತಂದು, "ನಿಮ್ಮವ್ವಂಗೆ ಕೊಡು" ಅಂತ ನನ್ನ ಮಡಿಲಿಗೆ ಹಾಕಿದರು. ಅವರೂ ಬರುತ್ತಿದ್ದರೇನೋ, ಆದರೆ ಹೆಂಗಸರ ಕಾಯಿಲೆ, ಬೀಗರು ಬಂದು ಕೂತರೆ ಅವರಿಗೆ ಅಡುಗೆ ಉಪಚಾರದ ತೊಂದರೆ ಅಂತ ಹಿಂದುಳಿದರು. ಕುದುರೆಯ ವಿಷಯ ಒಂದು ಮಾತೂ ಕೇಳಲಿಲ್ಲ. ಅಂಥ ಹೊತ್ತಲ್ಲಿ ಕುದುರೆ ವಿಚಾರ ಕೇಳಿದರೆ ಏನು ಚೆಂದ?

ದಾರಿಯುದ್ದಕ್ಕೂ ನಾನು ಅಳುತ್ತಲೇ ಹೋದೆ. ಏನಾಗಿದೆ, ಜ್ವರವೇ, ಹೊಟ್ಟೆನೋವೇ, ಮಾತಾಡ್ತಾರಾ ಅಂತ ಎಷ್ಟು ಕೇಳಿದರೂ ಆ ಆಳು ಎತ್ತಿನ ಬಾಲ ತಿರುಚುವುದೇ ಆಯಿತು, ಬಾಯಿ ಬಿಡಲಿಲ್ಲ. ನನಗೆ ಸೂತಕದ ಮನೆಯೇ ಕಣ್ಣ ಮುಂದೆ ಬಂತು. ಗಾಡಿ ನಿಂತ ಕೂಡಲೇ ಧುಮುಕಿ ಒಳಕ್ಕೆ ಓಡುತ್ತೇನೆ, ನಮ್ಮವ್ವ ಒಲೆ ಮುಂದೆ ಗುಂಡುಕಲ್ಲಿನ ಹಾಗೆ ಕೂತು ಏನೋ ಎಣ್ಣೆ ಕಾಯಿಸುತ್ತಿದ್ದಾರೆ.

ನನಗೆ ಬಂದ ಕೋಪ ಇವತ್ತು ನೆನೆಸಿಕೊಂಡರೂ ಮೈ ಉರಿಯುತ್ತದೆ. "ನೀ ಬದ್ಕಿದ್ದೀಯಾ?" ಅಂತಲೇ ಕೇಳಿದೆ. ಕಿತ್ತಳೆಹಣ್ಣೆಲ್ಲ ಅಡುಗೆಮನೆ ತುಂಬ ಉರುಳಿದವು. ಅವ್ವ ಕಣ್ಣಲ್ಲೇ ಹೊರಗೆ ತೋರಿಸಿದರು.

ಚಪ್ಪರದ ಕೆಳಗೆ ಕುದುರೆ ನೆಲಕ್ಕೆ ಬಿದ್ದು ಹೊರಳುತ್ತಿತ್ತು. ಏಳುವುದು, ತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುವುದು, ಮತ್ತೆ ಬೀಳುವುದು. ಮೈಯೆಲ್ಲ ಬೆವರು. ಹಬ್ಬದ ದಿನ ದನಗಳಿಗೆಲ್ಲ ಮೈ ತೊಳೆದು ಹುಗ್ಗಿ ತಿನ್ನಿಸಿದ್ದರು. ಬೀಗರ ಕುದುರೆ, ಅದಕ್ಕೆ ದನಗಳಷ್ಟೇ ಕೊಟ್ಟರೆ ಆಗುತ್ತದೆಯೇ? ಬೆಲ್ಲದ ಹುಗ್ಗಿ, ಹೊಸ ಭತ್ತ, ಕಬ್ಬು, ಊರವರು ತಂದದ್ದು ಬೇರೆ. ನಸುಕಿನಲ್ಲೇ ಹೊಟ್ಟೆ ಉಬ್ಬಿರುವುದು ಕಂಡು, ಎತ್ತಿಗೆ ಮಾಡುವ ಹಾಗೆ ಬಿದಿರಿನ ಗೊಟ್ಟದಲ್ಲಿ ಎಣ್ಣೆ ಕುಡಿಸಿದ್ದರು. ಎರಡನೇ ಸಲ ಕುಡಿಸಲು ಅವ್ವ ಎಣ್ಣೆ ಕಾಯಿಸುತ್ತಿದ್ದದ್ದು.

"ಕುದ್ರೆಗೆ ಉಸಾರಿಲ್ಲ ಅಂತ ಯೋಳ್ಕಳ್ಸಕ್ಕೆ ಏನಾಗಿತ್ತು?" ಅಂತ ನಮ್ಮಪ್ಪನನ್ನು ಕೇಳಿದೆ.

ಅಪ್ಪ ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದರು. "ಬೀಗ್ರಿಗೆ ಎಂಗೆ ಯೋಳ್ಳಿ ಮಗ? ಕೂಸ್ನಂಗೆ ನೋಡ್ಕತೀವಿ ಅಂತ ತಕಂಡ್ ಬಂದೋನು ನಾನು. ನೀನು ಆ ಮನೇಲಿ ಇರೋಳು, ನಿಂಗೆ ಗೊತ್ತಿರ್ತದೆ ಅಂತ ಕರ್ಸ್ದೆ. ಏನ್ ಮಾಡ್ಬೇಕು ಯೋಳು" ಅಂದರು.

ಹೇಗಿದೆ ನೋಡಿ. ಕುದುರೆ ಕಟ್ಟುವ ಮನೆಗೆ ಹೆಣ್ಣು ಕೊಟ್ಟರೆ ಹೆಣ್ಣು ಕುದುರೆ ವೈದ್ಯ ಕಲಿತುಬಿಡುತ್ತಾಳೆ ಅಂತ ಅವರ ನಂಬಿಕೆ. ನಾನು ಆ ಮನೆಯಲ್ಲಿ ಕಲಿತಿದ್ದದ್ದು ಹುಣಸೆಹಣ್ಣಿನ ಬೀಜ ಬಿಡಿಸುವುದು. ಇಡೀ ಮನೆ, ಅರ್ಧ ಊರು ಸುತ್ತ ನಿಂತು ನನ್ನ ಬಾಯನ್ನೇ ನೋಡುತ್ತಿದೆ, ನನಗೋ ಕುದುರೆಯ ಹತ್ತಿರ ಹೋಗಲೂ ಭಯ. ಅಪ್ಪನನ್ನು ಬೈಯಬೇಕೋ, ಸಮಾಧಾನ ಮಾಡಬೇಕೋ, ಮಾವನ ಕುದುರೆ ಅಂತ ಅಳಬೇಕೋ, ಯಾವುದೂ ತೋಚಲಿಲ್ಲ. ಒಂದು ಮಾತ್ರ ತೋಚಿತು. ಅಣ್ಣನನ್ನು ಕರೆದು, "ಸೈಕಲ್ ತಕಂಡು ಕೊಳ್ಳೇಗಾಲಕ್ಕೆ ಓಗು. ಇದ್ದುದ್ ಇದ್ದಂಗೆ ಯೋಳು" ಅಂದೆ. ಬೇಡ, ಇನ್ನೊಂದು ಗಳಿಗೆ ನೋಡೋಣ ಅಂತ ಅಪ್ಪ ಅಡ್ಡ ಬಂದರು. ನಾನು ಅವರಿಗೆ ಎದುರು ಮಾತಾಡಿದ್ದು ಹುಟ್ಟಿದಾರಭ್ಯ ಅದೇ ಮೊದಲು. ಏನಂದೆ ಅನ್ನುವುದು ನೆನಪಿಲ್ಲ, ಅಪ್ಪ ದಾರಿ ಬಿಟ್ಟದ್ದು ಮಾತ್ರ ನೆನಪಿದೆ.

ಮಾವ ಬಂದಾಗ ಮಧ್ಯಾಹ್ನ ಇಳಿದಿತ್ತು. ಬಾಡಿಗೆ ಜಟಕಾದಿಂದ ಇಳಿದವರು ಚಪ್ಪಲಿ ಅಲ್ಲೇ ಬಿಟ್ಟು ಓಡಿ ಬಂದರು. ಡಾಕ್ಟರು ಹಬ್ಬಕ್ಕೆ ಊರಿಗೆ ಹೋಗಿದ್ದರಂತೆ, ಸಿಗಲಿಲ್ಲ. ಮಾವ ಮೊದಲು ಮಾಡಿದ್ದು ಎತ್ತಿನ ಹಗ್ಗ ಬಿಚ್ಚಿದ್ದು. "ವಾ ಕಣ್ಣು, ವಾ" ಅಂದರು. ಆ ಹೊತ್ತಿಗೆ ಯಾರು ಎಬ್ಬಿಸಿದರೂ ಏಳದಾಗಿದ್ದ ಜೀವ, ಆ ಮಾತಿಗೆ ಮುಂಗಾಲೂರಿ ಎದ್ದು ನಿಂತಿತು. ಅದನ್ನು ಹೊಳೆ ದಂಡೆಗೆ ಕರೆದುಕೊಂಡು ಹೋಗಿ ಮೆಲ್ಲಗೆ ನಡೆಸಿದರು. ಕುಂಟು ಕಾಲು, ಉಬ್ಬಿದ ಹೊಟ್ಟೆ, ಆದರೂ ಅವರ ಹೆಗಲಿಗೆ ತಲೆ ಕೊಟ್ಟುಕೊಂಡು ನಡೆಯಿತು. ಆ ಹುಲ್ಲು ನೆಲವನ್ನು ಅದು ತುಳಿದದ್ದು ಅವತ್ತೇ ಮೊದಲು. ನಾವೆಲ್ಲ ದೂರದಲ್ಲಿ ನಿಂತು ನೋಡುತ್ತಿದ್ದೆವು. ಬದುಕುತ್ತದೆ ಅಂತ ನಾನು ಅಂದುಕೊಂಡೆ. ಹೊತ್ತು ಮುಳುಗುವ ಮುಂಚೆ ಮತ್ತೆ ಮಂಡಿ ಮಡಿಸಿತು. ಮಾವ ಅದರ ಪಕ್ಕದಲ್ಲೇ ಕೆಸರಲ್ಲಿ ಕೂತು, ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ತಮಿಳಿನಲ್ಲಿ ಏನೇನೋ ಹೇಳುತ್ತಾ ಇದ್ದರು. ಆಮೇಲೆ ಹೇಳುವುದನ್ನು ನಿಲ್ಲಿಸಿದರು.

ಎಳೆಸಿ ಬಿಸಾಕುವುದು ಬೇಡ ಅಂತ ಅಪ್ಪ ನಮ್ಮ ತೆಂಗಿನ ತೋಟದ ಮೂಲೆಯಲ್ಲೇ ಗುಂಡಿ ತೆಗೆಸಿದರು. ಉಪ್ಪು ಸುರಿದು ಮಣ್ಣು ಮಾಡಿದೆವು. ಅಪ್ಪ ಆಗಲೂ ಮಾವನ ಮುಖ ನೋಡಲಿಲ್ಲ. ಎಲ್ಲ ಮುಗಿದು ಕೈಕಾಲು ತೊಳೆದ ಮೇಲೆ ನಮ್ಮವ್ವ ಎಲೆ ಹಾಕಿದರು. ಹಾಕದೆ ಇರುವ ಹಾಗಿಲ್ಲ, ಬೀಗರು ಬಂದಿದ್ದಾರೆ. ಮಾವ ಉಣ್ಣದೆ ಇರುವ ಹಾಗಿಲ್ಲ, ಉಣ್ಣದಿದ್ದರೆ ಕೋಪ ಮಾಡಿಕೊಂಡು ಹೋದರು ಅಂತಾಗುತ್ತದೆ. ಕೂತರು. ಹಬ್ಬದ ಹುಗ್ಗಿಯೇ ಮಿಕ್ಕಿತ್ತು, ಅವ್ವ ಅದನ್ನೂ ತಂದರು. ಬೇಡ ಅಂತ ನಾನು ಕಣ್ಣು ಸನ್ನೆ ಮಾಡಿದೆ, ಅವರಿಗೆ ಕಾಣಲಿಲ್ಲ. ಮಾವ ಎಲೆಯಲ್ಲಿ ಒಂದಗಳೂ ಬಿಡದೆ ಉಂಡರು. ನಾನು ತುಪ್ಪ ಬಡಿಸಿದೆ. ನಾನು ಆ ಹೊತ್ತಿನಲ್ಲಿ ಆ ಮನೆಯ ಮಗಳಾಗಿ ಬಡಿಸುತ್ತಿದ್ದೆನೋ, ಈ ಮನೆಯ ಸೊಸೆಯಾಗಿ ಬಡಿಸುತ್ತಿದ್ದೆನೋ, ದೇವರಾಣೆ ನನಗೆ ತಿಳಿಯಲಿಲ್ಲ.

"ಚೆನ್ನಾಗ್ ನೋಡ್ಕಂಡ್ರಿ ಬೀಗ್ರೇ. ನಿಮ್ ಋಣ ದೊಡ್ದು" ಅಂದರು ಮಾವ, ಎಲೆ ಅಡಿಕೆ ತೆಗೆದುಕೊಳ್ಳುತ್ತಾ.

ನಮ್ಮಪ್ಪ ಕಂಬ ಹಿಡಿದುಕೊಂಡು ಅತ್ತುಬಿಟ್ಟರು. ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ಮಾವ ಆ ಮಾತನ್ನು ಚುಚ್ಚಲು ಅಂದರೇ? ಅಂಥ ಮನುಷ್ಯ ಅಲ್ಲ. ನಿಜವಾಗಿ ಅಂದರೇ? ನಿಜವೂ ಹೌದಲ್ಲ, ಮರಳು ಗಾಡಿಗೆ ಕಟ್ಟಲಿಲ್ಲ, ಮೈಮೇಲೆ ಬಾರು ಬೀಳಲಿಲ್ಲ, ಮೂರು ಹೊತ್ತು ಹೊಟ್ಟೆ ತುಂಬ ಹಾಕಿದರು. ಆ ಜಟಕಾದವನಿಗೆ ಕೊಟ್ಟಿದ್ದರೆ ಹೊಡೆದು ಬಡಿದು ಓಡಿಸುತ್ತಿದ್ದ, ಆದರೆ ಕುದುರೆಗೆ ಏನು ಹಾಕಬೇಕು ಅಂತ ಅವನಿಗೆ ಗೊತ್ತಿರುತ್ತಿತ್ತು, ಬದುಕಿರುತ್ತಿತ್ತೇನೋ. ಹಾಗಾದರೆ ಪ್ರೀತಿ ಇರುವವರಿಗೆ ಕೊಡಬಾರದಿತ್ತೇ? ಗೊತ್ತಿರುವವರು ಬಡಿಯುವುದು, ಬಡಿಯದವರಿಗೆ ಗೊತ್ತಿಲ್ಲದಿರುವುದು, ಇದರಲ್ಲಿ ಯಾರ ಕೈಗೆ ಹಗ್ಗ ಕೊಡುವುದು? ನಾನು ಇದನ್ನು ಎಷ್ಟು ಸಲ ತಿರುವಿ ಹಾಕಿದ್ದೇನೋ, ಪ್ರತಿ ಸಲವೂ ಬೇರೆ ಕಡೆ ಬಂದು ನಿಲ್ಲುತ್ತದೆ.

ಕೊಳ್ಳೇಗಾಲದಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ. ಅತ್ತೆಯೂ ಆಡಿಕೊಳ್ಳುವುದನ್ನು ಬಿಟ್ಟರು. ನನ್ನನ್ನು ಒಬ್ಬರೂ ಒಂದು ಮಾತು ಅನ್ನಲಿಲ್ಲ, ಅಂದಿದ್ದರೆ ನಾನೂ ನಾಲ್ಕು ಅಂದು ಹಗುರವಾಗುತ್ತಿದ್ದೆ.

ಯುಗಾದಿ ಕಳೆದ ಮೇಲೆ ನಮ್ಮಪ್ಪ ಬಂದರು. ಜೊತೆಯಲ್ಲಿ ಒಂದು ಹೆಣ್ಣುಕರು, ಆಗ ತಾನೇ ತಾಯಿ ಹಾಲು ಬಿಟ್ಟದ್ದು. ಕುದುರೆಯ ಬದಲಿಗೆ ಅಂತ ಬಾಯಿಬಿಟ್ಟು ಹೇಳಲಿಲ್ಲ. "ಮನೇಲಿ ಒಂದ್ ಅಸ ಇದ್ರೆ ಮಕ್ಳಿಗೆ ಆಲಾಯ್ತದೆ" ಅಂದರು. ಪೇಟೆ ಮನೆ, ಕಲ್ಲು ಹಾಸಿನ ಹಿತ್ತಲು, ಕೊಟ್ಟಿಗೆ ತುಂಬ ಮೂಟೆ, ದನದ ವಿಷಯ ಒಬ್ಬರಿಗೂ ಗೊತ್ತಿಲ್ಲ. ಬೇಡ ಅನ್ನಲು ಯಾರಿಗೆ ಬಾಯಿ ಬರುತ್ತದೆ? ಮಾವ ಕರುವಿನ ಬೆನ್ನು ಸವರಿ, "ಲಕ್ಷಣವಾಗದೆ ಬೀಗ್ರೇ" ಅಂದರು. ಹೇಗೆ ನೋಡಿಕೊಳ್ಳಬೇಕು ಅಂತ ನಮ್ಮಪ್ಪ ಹೇಳಲಿಲ್ಲ, ಮಾವ ಕೇಳಲಿಲ್ಲ. ಅಪ್ಪ ಊಟ ಮಾಡಿಕೊಂಡು ಹೊರಟರು.

ಅವರು ಬೀದಿ ತಿರುವು ದಾಟುವವರೆಗೂ ಮಾವ ಜಗಲಿಯಲ್ಲಿ ನಿಂತಿದ್ದರು. ಆಮೇಲೆ ಹಿತ್ತಲಿಗೆ ಬಂದು ಕರುವಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಅದು ಹುಲ್ಲು ಎಳೆಯುವುದನ್ನು ನೋಡಿದರು. ನಾನು ನೀರಿನ ಬಕೆಟ್ಟು ತಂದಿಟ್ಟೆ.

"ಮಗ," ಅಂದರು ನನ್ನ ಕಡೆ ತಿರುಗದೆ, "ನಂಗೆ ಇದ್ರದ್ದು ಏನೂ ಗೊತ್ತಾಗಾಕಿಲ್ಲ. ಇದ್ಕೆ ಒಂಚೂರು ಏನಾರಾ ಆದ್ರೆ ತಕ್ಷಣ ಮುಳ್ಳೂರ್ಗೆ ಯೋಳ್ಕಳ್ಸು. ಕರೂಗೆ ಉಸಾರಿಲ್ಲ ಅಂತ್ಲೇ ಯೋಳ್ಸು. ನಿಮ್ಮತ್ತೆಗೆ ಉಸಾರಿಲ್ಲ ಅಂತ ಯೋಳ್ಕಳಿಸ್ಬ್ಯಾಡ."

ಬೈದರೋ, ಬೇಡಿಕೊಂಡರೋ, ನಮ್ಮಪ್ಪನ ಮೇಲೆ ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಹೊರಗೆ ಹಾಕಿದರೋ ನನಗೆ ಗೊತ್ತಾಗಲಿಲ್ಲ. ಅವರ ಮುಖ ನನಗೆ ಕಾಣುತ್ತಿರಲಿಲ್ಲ. "ಆಗ್ಲಿ ಮಾವ" ಅಂದೆ.